ಗೋಡೆಯೊಳಗಿನ ತಂತಿ: ದಪ್ಪ ಹೃದಯದ ಚಿಕಿತ್ಸೆ, ಅದರ ನಂತರದ ಲಯದೋಷ ಮತ್ತು ಕೊಲ್ಹಾಪುರ ಸೀಮೆ

(ಗಡಿಭಾಗದ ವೈದ್ಯಕೀಯ ಇತಿಹಾಸ ಕುರಿತ ಆನ್‌ಲೈನ್ ವಿಚಾರಸಂಕಿರಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯಿಂದ ಬಹಳ ಮಂದಿ ಸೇರಿದ್ದೀರಿ, ಸಂತೋಷ. ನಾನು ವೈದ್ಯನಲ್ಲ, ವೈದ್ಯಕೀಯದ ಇತಿಹಾಸ ಓದುವವನು. ಹಾಗಾಗಿ ಇವತ್ತು ಹೇಳೋದನ್ನು ಔಷಧದ ಚೀಟಿ ಅಂತ ತಗೋಬೇಡಿ, ಇತಿಹಾಸ ಅಂತ ಕೇಳಿ.

ವಿಷಯ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಅಂದ್ರೆ ಬಿಪಿ ಇಲ್ಲದೆ, ಕವಾಟದ ದೋಷ ಇಲ್ಲದೆ, ಹುಟ್ಟಿನಿಂದ ಬಂದ ಗುಣದಿಂದಲೇ ಹೃದಯದ ಸ್ನಾಯು ದಪ್ಪ ಆಗುವ ಕಾಯಿಲೆ. ಸಾಮಾನ್ಯವಾಗಿ ಹೆಚ್ಚು ದಪ್ಪ ಆಗೋದು ಎಡ ಮತ್ತು ಬಲ ಹೃತ್ಕುಕ್ಷಿಗಳ ನಡುವಿನ ಗೋಡೆ. ಅದು ಉಬ್ಬಿಕೊಂಡು ರಕ್ತ ಹೊರಗೆ ಹೋಗುವ ದಾರಿಗೆ ಅಡ್ಡ ಬರುತ್ತದೆ. ಔಷಧದಿಂದ ಹತೋಟಿಗೆ ಬರದಿದ್ದರೆ ಆ ಗೋಡೆಯನ್ನು ತೆಳ್ಳಗೆ ಮಾಡುವ ಚಿಕಿತ್ಸೆಗಳಿವೆ. ಆ ಚಿಕಿತ್ಸೆ ಆದಮೇಲೆ ಕೆಲವರಿಗೆ ಹೃದಯದ ಬಡಿತದ ಲಯ ಕೆಡುತ್ತದೆ. ಯಾಕೆ ಕೆಡುತ್ತದೆ, ಅದನ್ನು ತಿಳಿಯೋಕೆ ಎಷ್ಟು ವರ್ಷ ಹಿಡಿಯಿತು, ತಿಳಿದದ್ದರಿಂದ ಏನು ಬದಲಾಯಿತು ಅನ್ನೋದು ಇವತ್ತಿನ ಮಾತು.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಈ ಲಯದೋಷ ಆಕಸ್ಮಿಕ ಅಲ್ಲ. ಮನೆ ಗೋಡೆಯೊಳಗೆ ಕರೆಂಟಿನ ವೈರು ಹುದುಗಿಸಿರ್ತಾರೆ ನೋಡ್ರಿ, ಹಾಗೆ ಹೃದಯದ ವಿದ್ಯುತ್ತಿನ ದಾರಿ ಹೋಗೋದೇ ಈ ನಡುಗೋಡೆಯೊಳಗೆ. ಗೋಡೆಯ ರೋಗ ಕಂಡುಹಿಡಿದವರ ಚರಿತ್ರೆ ಒಂದು, ತಂತಿ ಕಂಡುಹಿಡಿದವರ ಚರಿತ್ರೆ ಇನ್ನೊಂದು. ಎರಡೂ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಕಾಲದಲ್ಲಿ ನಡೆದವು. ಅವು ಒಂದೇ ಜಾಗದಲ್ಲಿ ಕೂಡಿದ್ದು ರೋಗಿಯ ಎದೆಯೊಳಗೆ. ಹೊಸ ಚಿಕಿತ್ಸೆ ಬಂದಾಗೆಲ್ಲ ಅಪಾಯ ಪೂರ್ತಿ ಹೋಗಲಿಲ್ಲ, ಜಾಗ ಬದಲಿಸಿತು. ಆದ್ದರಿಂದ ‘ಚಿಕಿತ್ಸೆಯ ನಂತರ’ ಅನ್ನೋದೂ ಚಿಕಿತ್ಸೆಯ ಭಾಗವೇ. ಈ ಮಾತು ದೊಡ್ಡ ಊರಿಗಿಂತ ಗಡಿ ಊರಿಗೆ ಹೆಚ್ಚು ಅನ್ವಯಿಸುತ್ತದೆ.

1. ತಂತಿಯ ಕಥೆ

ಡಬ್ಲಿನ್ನಿನ ವೈದ್ಯ ರಾಬರ್ಟ್ ಆಡಮ್ಸ್ 1827ರಲ್ಲಿ ಒಂದು ವಿಚಿತ್ರ ಸ್ಥಿತಿಯ ಬಗ್ಗೆ ಬರೆದ. ನಾಡಿ ತೀರಾ ನಿಧಾನ, ಮತ್ತೆ ಮತ್ತೆ ಎಚ್ಚರ ತಪ್ಪಿ ಬೀಳೋದು. ಅದೇ ಊರಿನ ವಿಲಿಯಂ ಸ್ಟೋಕ್ಸ್ 1846ರಲ್ಲಿ ಇಂಥವೇ ಇನ್ನಷ್ಟು ಪ್ರಕರಣ ಸೇರಿಸಿದ. ಆವರೆಗೆ ಇಂಥವನ್ನು ಮಿದುಳಿನ ರೋಗ ಅಂತ ತಿಳಿಯೋದು ವಾಡಿಕೆಯಾಗಿತ್ತು. ಕಾರಣ ಹೃದಯದಲ್ಲೂ ಇರಬಹುದು ಅನ್ನೋ ಕಡೆ ಇವರ ಬರಹ ಬೆರಳು ತೋರಿಸಿತು. ನಮ್ಮ ಕಡೆ ಈಗಲೂ ಯಾರಾದರೂ ಹೀಗೆ ಬಿದ್ದರೆ “ಚಕ್ಕರ್ ಬಂತು”, “ಫಿಟ್ಸ್ ಬಂತು” ಅಂತಾರೆ, ಹೃದಯದ ನೆನಪು ಕೊನೆಗೆ ಬರುತ್ತದೆ. ಅದಕ್ಕೇ ಈ ಹಳೇ ಹೆಸರುಗಳನ್ನು ಎತ್ತಿದೆ.

ಮುಂದೆ 1893ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ಯುವ ವೈದ್ಯ ಮೇಲಿನ ಹೃತ್ಕರ್ಣದಿಂದ ಕೆಳಗಿನ ಹೃತ್ಕುಕ್ಷಿಗೆ ಸೇರುವ ಸಣ್ಣ ಸ್ನಾಯುಕಟ್ಟೊಂದನ್ನು ಕಂಡ. ಅದಕ್ಕೆ ಇವತ್ತಿಗೂ ಹಿಸ್ ಕಟ್ಟು ಅಂತಲೇ ಹೆಸರು. ಆದರೆ ಅದು ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಪೂರ್ತಿ ಬಿಡಿಸಿದವನು ಜಪಾನಿನ ಸುನಾವೊ ತವಾರ. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಲುಡ್ವಿಗ್ ಆಷಾಫ್ ಅವರ ಪ್ರಯೋಗಾಲಯದಲ್ಲಿ ಕೂತು ಹೃದಯಗಳನ್ನು ತೆಳ್ಳನೆಯ ಪದರಗಳಾಗಿ ಕತ್ತರಿಸಿ, ಒಂದೊಂದೇ ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. 1906ರಲ್ಲಿ ಅವನ ಪುಸ್ತಕ ಬಂತು. ಮೇಲೆ ಒಂದು ಗಂಟು, ಅಲ್ಲಿಂದ ಹಿಸ್ ಕಟ್ಟು, ಅದು ನಡುಗೋಡೆಯ ಮೇಲ್ತುದಿಯಲ್ಲಿ ಒಡೆದು ಎಡಕ್ಕೊಂದು, ಬಲಕ್ಕೊಂದು ಕವಲು. ಎಡಗವಲು ಬೀಸಣಿಗೆಯ ಹಾಗೆ ಗೋಡೆಯ ಎಡಮೈಯಲ್ಲಿ ಹರಡುತ್ತದೆ. ಬಲಗವಲು ಒಂದು ಹುರಿಯ ಹಾಗೆ ಸಣ್ಣಗೆ ಇಳಿಯುತ್ತದೆ. ಮರುವರ್ಷ, 1907ರಲ್ಲಿ, ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಬಡಿತ ಹುಟ್ಟುವ ಜಾಗವನ್ನೇ ಗುರುತಿಸಿದರು. ಅಷ್ಟರಲ್ಲಿ ಹಾಲೆಂಡಿನ ಐಂತೋವನ್ ಇಸಿಜಿ ಯಂತ್ರವನ್ನು ಬಳಕೆಗೆ ತಂದಿದ್ದ. 1924ರಲ್ಲಿ ಅವನಿಗೆ ನೊಬೆಲ್ ಬಂತು.

ಎಡಗವಲು ಅಗಲ ಬೀಸಣಿಗೆ, ಬಲಗವಲು ಸಣ್ಣ ಹುರಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2. ಗೋಡೆಯ ಕಥೆ

ತಂತಿಯ ನಕ್ಷೆ 1907ರ ಹೊತ್ತಿಗೆ ಸಿದ್ಧವಾಗಿತ್ತು. ಗೋಡೆಯ ರೋಗಕ್ಕೆ ಸರಿಯಾದ ಗುರುತು ಸಿಗಲು ಇನ್ನೂ ಐವತ್ತು ವರ್ಷ ಬೇಕಾಯಿತು. 1957ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ರಸೆಲ್ ಬ್ರಾಕ್ ಒಂದು ಒಗಟು ಮುಂದಿಟ್ಟ: ಕೆಲವು ರೋಗಿಗಳಲ್ಲಿ ಕವಾಟದ ಕೆಳಗೆ ಅಡ್ಡಿ ಇದೆ ಅಂತ ಒತ್ತಡದ ಅಳತೆ ಹೇಳುತ್ತದೆ, ಆದರೆ ಕೈಹಾಕಿ ನೋಡಿದರೆ ಅಲ್ಲಿ ಪೊರೆಯೂ ಇಲ್ಲ, ಗಂಟೂ ಇಲ್ಲ. ಅಮೆರಿಕದ ರಾಷ್ಟ್ರೀಯ ಹೃದಯ ಸಂಸ್ಥೆಯಲ್ಲಿ ಆಂಡ್ರ್ಯೂ ಗ್ಲೆನ್ ಮಾರೊ ಮತ್ತು ಯೂಜೀನ್ ಬ್ರೌನ್‌ವಾಲ್ಡ್ ಅವರಿಗೂ ಇದೇ ಅನುಭವ ಆಯಿತು, 1959ರಲ್ಲಿ ಅದನ್ನು ಪ್ರಕಟಿಸಿದರು. ಹೃದಯ ಬಡಿಯುವಾಗ ಮಾತ್ರ ಇರುವ ಅಡ್ಡಿ, ಶಸ್ತ್ರಕ್ರಿಯೆಗೆಂದು ನಿಲ್ಲಿಸಿದಾಗ ಮಾಯ.

ನಡುವೆ 1958ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಶವಪರೀಕ್ಷಾ ತಜ್ಞ ಡೊನಾಲ್ಡ್ ಟಿಯರ್ ಎಂಟು ಮಂದಿ ಎಳೆ ವಯಸ್ಸಿನವರ ಹೃದಯಗಳ ವಿವರ ಬರೆದ. ಹೆಚ್ಚಿನವರು ಹಠಾತ್ತಾಗಿ ಸತ್ತವರು. ಎಲ್ಲರಲ್ಲೂ ಗೋಡೆ ಒಂದೇ ಕಡೆ ವಿಪರೀತ ದಪ್ಪ, ಸ್ನಾಯುವಿನ ಎಳೆಗಳು ಅಸ್ತವ್ಯಸ್ತ. 1960ರಲ್ಲಿ ಅವನೂ ಸೇರಿದ ತಂಡ ಒಂದೇ ಮನೆತನದಲ್ಲಿ ಈ ರೋಗ ಹರಿದುಬಂದದ್ದನ್ನು ತೋರಿಸಿತು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟ ಮಾಡಬೇಕು. ಈ ರೋಗದಲ್ಲಿ ಲಯದೋಷ ಚಿಕಿತ್ಸೆಯಿಂದಲೇ ಹುಟ್ಟಿದ್ದಲ್ಲ. ಚಿಕಿತ್ಸೆ ಅನ್ನೋದೇ ಇಲ್ಲದ ಕಾಲದಲ್ಲೂ ಟಿಯರ್‌ನ ಮೇಜಿನ ಮೇಲಿದ್ದವರು ಹಠಾತ್ತಾಗಿ ಸತ್ತಿದ್ದರು. ಚಿಕಿತ್ಸೆ ಹಳೆಯ ಲಯದೋಷದ ಪಕ್ಕಕ್ಕೆ ತನ್ನದೇ ಇನ್ನೊಂದನ್ನು ಸೇರಿಸಿತು. ಯಾವುದು ರೋಗದ್ದು, ಯಾವುದು ಚಿಕಿತ್ಸೆಯದು ಅಂತ ಬಿಡಿಸೋದೇ ಮುಂದಿನ ಅರವತ್ತು ವರ್ಷದ ಕೆಲಸ.

3. ಚಾಕು ಮತ್ತು ಎಡಗವಲು

ಲಂಡನ್ನಿನಲ್ಲಿ ವಿಲಿಯಂ ಕ್ಲೆಲ್ಯಾಂಡ್ 1958ರಲ್ಲೇ ದಪ್ಪ ಗೋಡೆಗೆ ಕೈಹಾಕಿದ. ಅಮೆರಿಕದಲ್ಲಿ ಮಾರೊ 1960ರ ದಶಕದ ಆರಂಭದಿಂದ ಅದನ್ನು ಒಂದು ಪದ್ಧತಿಯಾಗಿ ಬೆಳೆಸಿದ. ಮಹಾಪಧಮನಿಯನ್ನು ತೆರೆದು, ಕವಾಟದ ಮೂಲಕ ಕೆಳಗೆ ನೋಡಿ, ಗೋಡೆಯ ಎಡಮೈಯಿಂದ ಉಬ್ಬಿದ ಸ್ನಾಯುವನ್ನು ಕೊರೆದು ತೆಗೆಯೋದು. ಮಯೆಕ್ಟಮಿ ಅಂತಾರೆ. ಮಾರೊನಿಗೂ ಇದೇ ಕಾಯಿಲೆ ಇತ್ತು. ಇತರರ ಗೋಡೆ ಸರಿಮಾಡಿದ ಆತ 1982ರಲ್ಲಿ ಅರವತ್ತನೆಯ ವಯಸ್ಸಿಗೆ ತೀರಿಕೊಂಡ.

ಚಾಕು ಬರೋದು ಎಡಮೈಯಿಂದ. ಎಡಮೈಯಲ್ಲಿ ಹರಡಿರೋದು ಬೀಸಣಿಗೆಯಂಥ ಎಡಗವಲು. ಆದ್ದರಿಂದ ಮಯೆಕ್ಟಮಿ ಆದವರ ಇಸಿಜಿಯಲ್ಲಿ ಎಡಗವಲಿನ ಅಡ್ಡಿ ಬಹಳ ಸಾಮಾನ್ಯ. ಬಲಗವಲು ಚೆನ್ನಾಗಿದ್ದರೆ ಹೃದಯ ಅದರ ಮೂಲಕ ಕೆಲಸ ಸಾಗಿಸುತ್ತದೆ, ರೋಗಿಗೆ ಗೊತ್ತೂ ಆಗೋದಿಲ್ಲ. ಆದರೆ ಶಸ್ತ್ರಕ್ರಿಯೆಗೆ ಮೊದಲೇ ಬಲಗವಲು ಕೆಟ್ಟಿದ್ದರೆ? ಆಗ ಎರಡೂ ದಾರಿ ಮುಚ್ಚಿ ಸಂಪೂರ್ಣ ಹಾರ್ಟ್ ಬ್ಲಾಕ್ ಆಗಬಹುದು. ಅನುಭವಿ ಕೇಂದ್ರಗಳಲ್ಲಿ ಇವತ್ತು ಮಯೆಕ್ಟಮಿ ಆದಮೇಲೆ ಕಾಯಂ ಪೇಸ್‌ಮೇಕರ್ ಬೇಕಾಗೋದು ನೂರಕ್ಕೆ ಐದಕ್ಕಿಂತ ಕಡಿಮೆ ಜನರಿಗೆ.

‘ಬ್ಲಾಕ್’ ಅನ್ನೋ ಪದದ ಬಗ್ಗೆ ಇಲ್ಲೇ ಹೇಳಬೇಕು. ನಮ್ಮ ಕಡೆ “ಹಾರ್ಟಿನಾಗ ಬ್ಲಾಕ್ ಐತಿ” ಅಂದ್ರೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ, ಸ್ಟೆಂಟ್ ಹಾಕಬೇಕು ಅಂತ ಅರ್ಥ. ವೈದ್ಯರ ಭಾಷೆಯ ‘ಹಾರ್ಟ್ ಬ್ಲಾಕ್’ ಬೇರೆ. ಅಲ್ಲಿ ರಕ್ತ ಹರಿಯುತ್ತಿರುತ್ತದೆ, ಕರೆಂಟು ನಿಂತಿರುತ್ತದೆ. ಕನ್ನಡದಲ್ಲಿ, ಮರಾಠಿಯಲ್ಲಿ, ಎರಡರಲ್ಲೂ ಒಂದೇ ಇಂಗ್ಲಿಷ್ ಪದ ಎರಡು ಅರ್ಥಕ್ಕೆ ಓಡಾಡುತ್ತಿದೆ. ಡಿಸ್ಚಾರ್ಜ್ ಕಾಗದದಲ್ಲಿ ‘ಬ್ಲಾಕ್’ ಅಂತ ಓದಿದ ಮನೆಯವರು “ಆಂಜಿಯೋಗ್ರಫಿ ನಾರ್ಮಲ್ ಅಂದಿದ್ರು, ಮತ್ತ ಇದ ಯಾವ ಬ್ಲಾಕ್?” ಅಂತ ಕೇಳಿದರೆ ಅದು ಅಜ್ಞಾನ ಅಲ್ಲ, ಪದದ ತೊಡಕು. ‘ಕರೆಂಟಿನ ಬ್ಲಾಕ್’, ‘ರಕ್ತದ ಬ್ಲಾಕ್’ ಅಂತ ಬಿಡಿಸಿ ಹೇಳಿದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

4. ಪೇಸ್‌ಮೇಕರ್: ರಕ್ಷಣೆಯಿಂದ ಚಿಕಿತ್ಸೆಗೆ, ಮತ್ತೆ ರಕ್ಷಣೆಗೆ

ತಂತಿ ಕಡಿದರೆ ಬದುಕಿಸುವ ಸಾಧನ ಬಂದದ್ದೂ 1958ರಲ್ಲೇ. ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಬಳಿಯ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯ, ರೂನ್ ಎಲ್ಮ್‌ಕ್ವಿಸ್ಟ್ ಎಂಬ ಇಂಜಿನಿಯರ್ ತಯಾರಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಇಟ್ಟ. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಆದರೂ ಲಾರ್ಸನ್ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು, ಆ ಇಬ್ಬರಿಗಿಂತಲೂ ಹೆಚ್ಚು ಕಾಲ ಬಾಳಿ, 2001ರಲ್ಲಿ 86ನೆಯ ವಯಸ್ಸಿಗೆ ತೀರಿಕೊಂಡ.

1990ರ ದಶಕದ ಆರಂಭದಲ್ಲಿ ಈ ಕಥೆಗೆ ತಿರುವು ಬಂತು. ಪೇಸ್‌ಮೇಕರನ್ನು ದಪ್ಪ ಹೃದಯದ ಚಿಕಿತ್ಸೆಗೇ ಯಾಕೆ ಬಳಸಬಾರದು? ಬಲ ಹೃತ್ಕುಕ್ಷಿಯ ತುದಿಯಿಂದ ಬಡಿತ ಹೊರಡಿಸಿದರೆ ಗೋಡೆ ಕುಗ್ಗುವ ಕ್ರಮ ಬದಲಾಗಿ ರಕ್ತದ ದಾರಿ ತೆರೆಯಬಹುದು ಅನ್ನೋ ತರ್ಕ. ಚಾಕು ಬೇಡ, ಎದೆ ತೆರೆಯೋದು ಬೇಡ. ಮೊದಲ ವರದಿಗಳು ಉತ್ಸಾಹದಿಂದ ಕೂಡಿದ್ದವು. ಆಮೇಲೆ 1999ರಲ್ಲಿ ಎಂ-ಪಾಥಿ ಎಂಬ ಅಧ್ಯಯನ ಬಂತು. 48 ರೋಗಿಗಳಿಗೆ ಪೇಸ್‌ಮೇಕರ್ ಇಟ್ಟು, ಕೆಲವು ತಿಂಗಳು ಕೆಲಸ ಮಾಡುವಂತೆ, ಕೆಲವು ತಿಂಗಳು ಸುಮ್ಮನಿರುವಂತೆ ಮಾಡಿದರು. ಯಾವಾಗ ಯಾವುದು ಅಂತ ರೋಗಿಗೆ ಗೊತ್ತಿಲ್ಲ. ಸುಮ್ಮನಿದ್ದ ಅವಧಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ “ಆರಾಮ ಅನಸ್ತದ” ಅಂದರು. ಅಂದ್ರೆ ಆ ನೆಮ್ಮದಿಯಲ್ಲಿ ಬಹುಪಾಲು ನಂಬಿಕೆಯದು. ಪೇಸ್‌ಮೇಕರ್ ಮತ್ತೆ ತನ್ನ ಹಳೇ ಕೆಲಸಕ್ಕೆ, ಕಡಿದ ತಂತಿಯ ಬದಲಿ ಕೆಲಸಕ್ಕೆ, ಮರಳಿತು.

5. ಆಲ್ಕೋಹಾಲ್ ಮತ್ತು ಬಲಗವಲು

ಚಾಕು ಇಲ್ಲದ ದಾರಿ ಹುಡುಕುತ್ತಿದ್ದ ಇನ್ನೊಬ್ಬ ವೈದ್ಯ ಉಲ್ರಿಕ್ ಸಿಗ್ವಾರ್ಟ್. 1986ರಲ್ಲಿ ಲೌಸಾನ್‌ನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೊದಲಿಗರಲ್ಲಿ ಒಬ್ಬ. ಗೋಡೆಗೆ ರಕ್ತ ಕೊಡುವ ಸಣ್ಣ ನಾಳವನ್ನು ಬಲೂನಿನಿಂದ ಸ್ವಲ್ಪ ಹೊತ್ತು ಮುಚ್ಚಿದರೆ ಅಡ್ಡಿ ಕಡಿಮೆ ಆಗೋದನ್ನು ಗಮನಿಸಿದ್ದ. 1994ರಲ್ಲಿ ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಆ ನಾಳದೊಳಗೆ ಶುದ್ಧ ಆಲ್ಕೋಹಾಲ್ ಬಿಟ್ಟು, ಗೋಡೆಯ ಆ ಭಾಗವನ್ನು ಬೇಕೆಂದೇ ಸಾಯಿಸಿದ. ಒಂದು ಅಳತೆಯ ಹಾರ್ಟ್ ಅಟ್ಯಾಕ್ ಅನ್ನಿ. 1995ರಲ್ಲಿ ಮೂವರು ರೋಗಿಗಳ ವಿವರ ಲ್ಯಾನ್ಸೆಟ್‌ನಲ್ಲಿ ಬಂತು. ತೊಡೆಯ ನಾಳದಿಂದ ಹೋಗಿ ಮಾಡುವ ಕೆಲಸ, ಎದೆ ಸೀಳೋದಿಲ್ಲ, ಕೆಲವು ದಿನದಲ್ಲಿ ಮನೆಗೆ. ಕೆಲವೇ ವರ್ಷದಲ್ಲಿ ಪ್ರಪಂಚದ ತುಂಬ ಹಬ್ಬಿತು.

ಈಗ ತವಾರನ ನಕ್ಷೆಗೆ ಹೋಗೋಣ. ಆಲ್ಕೋಹಾಲ್ ಬಿಡುವ ನಾಳ ಸಾಮಾನ್ಯವಾಗಿ ಬಲಗವಲಿಗೂ ರಕ್ತ ಕೊಡುತ್ತದೆ. ಆದ್ದರಿಂದ ಇಲ್ಲಿ ಕೆಡೋದು ಬಲಗವಲು. ಆಲ್ಕೋಹಾಲ್ ಚಿಕಿತ್ಸೆ ಆದವರಲ್ಲಿ ಸುಮಾರು ಅರ್ಧದಷ್ಟು ಜನರ ಇಸಿಜಿಯಲ್ಲಿ ಬಲಗವಲಿನ ಅಡ್ಡಿ ಕಾಣುತ್ತದೆ. ಲೆಕ್ಕ ತಿರುಗುಮುರುಗಾಯಿತು ನೋಡ್ರಿ. ಮೊದಲೇ ಬಲಗವಲು ಕೆಟ್ಟವನಿಗೆ ಚಾಕು ಹೆಚ್ಚು ಅಪಾಯ. ಮೊದಲೇ ಎಡಗವಲು ಕೆಟ್ಟವನಿಗೆ ಆಲ್ಕೋಹಾಲ್ ಹೆಚ್ಚು ಅಪಾಯ. ಯಾರಿಗೆ ಯಾವ ಚಿಕಿತ್ಸೆ ಅನ್ನೋ ನಿರ್ಧಾರದಲ್ಲಿ ಗೋಡೆ ಎಷ್ಟು ದಪ್ಪ ಅನ್ನೋದರ ಜೊತೆಗೆ ಒಂದು ಹಳೇ ಇಸಿಜಿ ಕಾಗದವೂ ಮಾತಾಡುತ್ತದೆ.

ಮೊದಮೊದಲು ಆಲ್ಕೋಹಾಲಿನ ಪ್ರಮಾಣ ಹೆಚ್ಚಿತ್ತು, ಪೇಸ್‌ಮೇಕರ್ ಬೇಕಾಗುವವರೂ ಹೆಚ್ಚಿದ್ದರು. 1990ರ ದಶಕದ ಕೊನೆಗೆ ಜರ್ಮನಿಯ ವೈದ್ಯರು ಮೊದಲು ಎಕೋದಲ್ಲಿ ಹೊಳೆಯುವ ದ್ರವ ಬಿಟ್ಟು, ಆ ನಾಳ ಗೋಡೆಯ ಯಾವ ಭಾಗಕ್ಕೆ ಹೋಗುತ್ತದೆ ಅಂತ ನೋಡಿಕೊಂಡು, ಆಮೇಲೆ ಕಡಿಮೆ ಆಲ್ಕೋಹಾಲ್ ಬಿಡುವ ಕ್ರಮ ತಂದರು. ಅಪಾಯ ಇಳಿಯಿತು, ಸೊನ್ನೆ ಆಗಲಿಲ್ಲ. ಯುರೋಪಿನ ಹಲವು ದೇಶಗಳ 1,275 ರೋಗಿಗಳ ದಾಖಲೆ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೊದಲ ಮೂವತ್ತು ದಿನದ ಸಾವು ನೂರಕ್ಕೆ ಸುಮಾರು 1, ಕಾಯಂ ಪೇಸ್‌ಮೇಕರ್ ಬೇಕಾದವರು ನೂರಕ್ಕೆ ಸುಮಾರು 12.

ಇಲ್ಲಿ ಸಮಯ ಮುಖ್ಯ. ಸಂಪೂರ್ಣ ಬ್ಲಾಕ್ ಹೆಚ್ಚಾಗಿ ಚಿಕಿತ್ಸೆಯ ಕೋಣೆಯಲ್ಲೇ, ಇಲ್ಲವೇ ಮೊದಲ ಎರಡು ಮೂರು ದಿನದಲ್ಲಿ ಆಗುತ್ತದೆ. ಅದಕ್ಕೇ ಆ ದಿನಗಳಲ್ಲಿ ಮಾನಿಟರ್ ಹಚ್ಚಿ, ತಾತ್ಕಾಲಿಕ ಪೇಸಿಂಗ್ ತಂತಿ ಇಟ್ಟು ಕಾಯುತ್ತಾರೆ. ಆದರೆ ಕೆಲವರಿಗೆ ಮನೆಗೆ ಬಂದಮೇಲೆ, ವಾರ ಕಳೆದಮೇಲೂ ಆಗಿದೆ. ಬೆಂದ ಸ್ನಾಯು ಒಂದೇ ದಿನದಲ್ಲಿ ಕಲೆ ಆಗೋದಿಲ್ಲ, ಬಾತು, ಮೆತ್ತಗಾಗಿ, ಆಮೇಲೆ ಗಟ್ಟಿಯಾಗುತ್ತದೆ. ತಂತಿಯೂ ಆ ಬದಲಾವಣೆಯ ನಡುವೆಯೇ ಇರುತ್ತದೆ.

6. ಗಾಯದ ಕಲೆ, ಹೃತ್ಕರ್ಣದ ಅಲುಗಾಟ

ನಿಧಾನ ಲಯದ ಕಥೆ ಇಷ್ಟು. ವೇಗದ ಲಯದ ಕಥೆ ಬೇರೆ. ಆಲ್ಕೋಹಾಲ್ ಗೋಡೆಯಲ್ಲಿ ಒಂದು ಗಾಯದ ಕಲೆ ಬಿಡುತ್ತದೆ. ಕಲೆಯ ಸುತ್ತ ಕರೆಂಟು ಸುತ್ತುಹೊಡೆದು ಪ್ರಾಣಾಪಾಯದ ವೇಗದ ಬಡಿತ ಹುಟ್ಟಬಹುದು ಅನ್ನೋ ಆತಂಕ ಮೊದಲಿನಿಂದ ಇತ್ತು. ದೀರ್ಘಕಾಲದ ದಾಖಲೆಗಳು ಬಂದಂತೆ ಆ ಆತಂಕ ಬಹಳಷ್ಟು ತಗ್ಗಿತು, ಆದರೆ ಎಳೆಯರಿಗೆ ಆಲ್ಕೋಹಾಲ್ ಬೇಡ, ಮಯೆಕ್ಟಮಿಯೇ ಲೇಸು ಅನ್ನುವವರ ವಾದದಲ್ಲಿ ಅದು ಇನ್ನೂ ಇದೆ. ಹಠಾತ್ ಸಾವಿನ ಅಪಾಯ ಹೆಚ್ಚಿರುವವರಿಗೆ ಐಸಿಡಿ ಅನ್ನೋ ಸಾಧನ ಇಡುತ್ತಾರೆ. ಬಡಿತ ಕೆಟ್ಟಾಗ ಒಳಗಿನಿಂದಲೇ ಶಾಕ್ ಕೊಡುತ್ತದೆ. ಮಿಶೆಲ್ ಮಿರೋವ್‌ಸ್ಕಿಯ ತಂಡ 1980ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಮೊದಲು ಅದನ್ನು ಮನುಷ್ಯನ ದೇಹದಲ್ಲಿ ಇಟ್ಟಿತು. ದಪ್ಪ ಹೃದಯದ 128 ರೋಗಿಗಳಲ್ಲಿ ಅದು ಹೇಗೆ ಕೆಲಸ ಮಾಡಿತು ಅನ್ನೋ ಅಧ್ಯಯನ 2000ದಲ್ಲಿ ಬಂದಮೇಲೆ ಈ ಕಾಯಿಲೆಯಲ್ಲಿ ಅದರ ಜಾಗ ಗಟ್ಟಿಯಾಯಿತು.

ಮೂರನೆಯದು ಏಟ್ರಿಯಲ್ ಫಿಬ್ರಿಲೇಷನ್. ಮೇಲಿನ ಹೃತ್ಕರ್ಣ ಕುಗ್ಗೋದು ಬಿಟ್ಟು ನಡುಗುತ್ತದೆ, “ಎದಿ ಡಬಡಬ” ಅಂತ ಜನ ಹೇಳ್ತಾರಲ್ಲ, ಹಾಗೆ. ಈ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಯಾವಾಗಾದರೂ ಇದು ಬರುತ್ತದೆ. ಎದೆ ತೆರೆದ ಶಸ್ತ್ರಕ್ರಿಯೆ ಆದ ಮೊದಲ ದಿನಗಳಲ್ಲಿ ಇನ್ನೂ ಸಾಮಾನ್ಯ. ನಡುಗುವ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ರಕ್ತ ತೆಳುಮಾಡುವ ಗುಳಿಗೆ. ಎದೆ ಡಬಡಬ ನಿಂತಿತು ಅಂತ ಆ ಗುಳಿಗೆಯನ್ನು ತಾವೇ ನಿಲ್ಲಿಸೋದು ಈ ಕಾಯಿಲೆಯಲ್ಲಿ ದುಬಾರಿ ತಪ್ಪು.

2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಾವಾಕಾಮ್ಟೆನ್ ಎಂಬ ಗುಳಿಗೆ ಗೋಡೆಯನ್ನು ಕೊರೆಯದೆ, ಸುಡದೆ, ಸ್ನಾಯುವಿನ ಹಿಡಿತವನ್ನೇ ಸಡಿಲಿಸುತ್ತದೆ. ತಂತಿಗೆ ಪೆಟ್ಟಿಲ್ಲ. ಆದರೆ ಹಿಡಿತ ಅತಿಯಾಗಿ ಸಡಿಲಾದರೆ ಹೃದಯವೇ ಸೋಲಬಹುದು, ಹಾಗಾಗಿ ಪದೇ ಪದೇ ಎಕೋ ಬೇಕು. ಅಪಾಯ ಮತ್ತೆ ಜಾಗ ಬದಲಿಸಿದೆ.

7. ನಮ್ಮ ಸೀಮೆ

ಈ ಲಂಡನ್, ಮಾರ್ಬುರ್ಗ್ ಕಥೆ ಹಿರಣ್ಯಕೇಶಿ ದಂಡೆಯ ಗಡಹಿಂಗ್ಲಜಕ್ಕೆ ಏನು ಸಂಬಂಧ?

ಮೊದಲು ಲೆಕ್ಕ. 1995ರ ಒಂದು ಅಮೆರಿಕನ್ ಅಧ್ಯಯನ ಈ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗೆ ಇದೆ ಅಂತ ಅಂದಾಜು ಮಾಡಿತು. 2011ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯ ಜನಸಂಖ್ಯೆ 38 ಲಕ್ಷ 76 ಸಾವಿರ. ಅದೇ ಪ್ರಮಾಣ ಹಿಡಿದರೆ ಜಿಲ್ಲೆಯಲ್ಲಿ ಏಳೂವರೆ ಸಾವಿರಕ್ಕಿಂತ ಹೆಚ್ಚು ಜನ. ಇದು ಗುಣಾಕಾರ ಅಷ್ಟೇ, ಎಣಿಕೆ ಅಲ್ಲ. ಹೆಚ್ಚಿನವರಿಗೆ ಯಾವ ಶಸ್ತ್ರಕ್ರಿಯೆಯೂ ಬೇಕಾಗೋದಿಲ್ಲ. ಆದರೆ ‘ಇದು ಪರದೇಶದ ಅಪರೂಪದ ರೋಗ’ ಅನ್ನೋ ಮಾತು ನಿಲ್ಲೋದಿಲ್ಲ ಅಂತ ತೋರಿಸಲು ಸಾಕು.

ಎರಡನೆಯದು ನಮ್ಮ ರಕ್ತದಲ್ಲೇ ಇರುವ ಇತಿಹಾಸ. ಹೈದರಾಬಾದಿನ ಸಿಸಿಎಂಬಿ ಸೇರಿದಂತೆ ಹಲವು ಸಂಸ್ಥೆಗಳ ವಿಜ್ಞಾನಿಗಳು 2009ರಲ್ಲಿ ಒಂದು ವಂಶವಾಹಿ ಬದಲಾವಣೆಯ ಬಗ್ಗೆ ಪ್ರಕಟಿಸಿದರು. ಹೃದಯಸ್ನಾಯುವಿನ ಒಂದು ಪ್ರೋಟೀನಿನ ವಂಶವಾಹಿಯಲ್ಲಿ 25 ಅಕ್ಷರ ಕಳೆದುಹೋಗಿರೋದು. ದಕ್ಷಿಣ ಏಷ್ಯಾದವರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿ ಇದು ಇದೆ, ಹೃದಯ ಸೋಲುವ ಅಪಾಯಕ್ಕೆ ಇದರ ನಂಟಿದೆ ಅಂದರು. ಹೆದರಬೇಕಿಲ್ಲ, ಇದ್ದವರೆಲ್ಲ ರೋಗಿಗಳಲ್ಲ. ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಇರುವ ಚಿಕ್ಕ ಗುಂಪಿನ ಮೇಲೆ ಹೆಚ್ಚು ಗಮನ ಬೇಕು ಅಂತ 2018ರ ಅಧ್ಯಯನ ಸೂಚಿಸಿತು.

ಮೂರನೆಯದು ದಾರಿ. ಈ ಸೀಮೆಯ ಜನ ದೊಡ್ಡ ಕಾಯಿಲೆಗೆ ಊರು ದಾಟಿ ಹೋಗೋದು ಹೊಸದಲ್ಲ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜಿನಲ್ಲಿ ಮಿಷನ್ ಆಸ್ಪತ್ರೆ ತೆರೆದಾಗ ಕೊಲ್ಹಾಪುರ–ಮಿರಜ ರೈಲು ಶುರುವಾಗಿ ಮೂರೇ ವರ್ಷ ಆಗಿತ್ತು. ಮಿರಜ ಮರಾಠಿ ಕನ್ನಡ ಎರಡೂ ಸೀಮೆಯವರ ದವಾಖಾನೆ ಆಯಿತು. ಕೊಲ್ಹಾಪುರದಲ್ಲಿ ಸಂಸ್ಥಾನದ ಕಾಲದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ ಮುಂದೆ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆ, ನಮ್ಮ ಜನರ ಬಾಯಲ್ಲಿ ಸಿಪಿಆರ್, ಆಯಿತು. ಬೆಳಗಾವಿಯಲ್ಲಿ 1963ರಲ್ಲಿ ಕೆಎಲ್ಇಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಶುರುವಾದಮೇಲೆ ಗಡಿಯ ದಾರಿ ದಕ್ಷಿಣಕ್ಕೂ ತೆರೆಯಿತು. ಗಡಹಿಂಗ್ಲಜಕ್ಕೆ ಇವತ್ತಿಗೂ ರೈಲಿಲ್ಲ. ಕೊಲ್ಹಾಪುರ, ಬೆಳಗಾವಿ ಎರಡೂ ಸುಮಾರು 60–70 ಕಿಲೋಮೀಟರ್. ಇನ್ನೂ ಸೂಕ್ಷ್ಮ ಕೆಲಸಕ್ಕೆ ಪುಣೆ, ಮುಂಬಯಿ, ಬೆಂಗಳೂರು.

ಗಡಿ ಅನ್ನೋದು ಇಲ್ಲಿ ಚಿಕಿತ್ಸೆಯ ಹಣಕ್ಕೂ ಅನ್ವಯಿಸುತ್ತದೆ. ಮಹಾರಾಷ್ಟ್ರ 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಯೋಜನೆ ತಂದಿತು, 2017ರಲ್ಲಿ ಅದು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಆಯಿತು. 2023ರಲ್ಲಿ ತಾನು ತನ್ನದೆನ್ನುವ ಕರ್ನಾಟಕದೊಳಗಿನ 865 ಹಳ್ಳಿಗಳಿಗೂ ಈ ಯೋಜನೆ ವಿಸ್ತರಿಸುವುದಾಗಿ ಮಹಾರಾಷ್ಟ್ರ ಹೇಳಿತು, ಕರ್ನಾಟಕ ವಿರೋಧಿಸಿತು. ಆರೋಗ್ಯ ಕಾರ್ಡು ಗಡಿವಾದದ ಸಾಕ್ಷಿಯಾಯಿತು. ಆ ಜಗಳದ ನ್ಯಾಯ ನನ್ನ ವಿಷಯ ಅಲ್ಲ. ಆದರೆ ಗಡಿ ಎಲ್ಲಿದ್ದರೂ ರೋಗಿಯ ಕಾಗದ ಎರಡೂ ಕಡೆ ಓದಿಸಿಕೊಳ್ಳುವಂತಿರಬೇಕು.

ಇಚಲಕರಂಜಿಯ ಒಬ್ಬ ಮಗ್ಗದ ಕೆಲಸಗಾರ ಅಂತ ಊಹಿಸಿಕೊಳ್ಳಿ. ಮನೆಮಾತು ಕನ್ನಡ, ಕೆಲಸದ ಮಾತು ಮರಾಠಿ. ದೂರದ ಊರಲ್ಲಿ ಆಲ್ಕೋಹಾಲ್ ಚಿಕಿತ್ಸೆ ಆಗುತ್ತದೆ. ದಮ್ಮು ಕಡಿಮೆ, ಆತ ಖುಷಿ. ಇಂಗ್ಲಿಷ್ ಕಾಗದ ಕೈಯಲ್ಲಿ ಹಿಡಿದು ಬಸ್ಸಿಗೆ ಬರ್ತಾನೆ. ಎಂಟನೇ ದಿನ ಕಣ್ಣು ಕತ್ತಲೆ ಬಂದು ಕೂತುಬಿಡ್ತಾನೆ. ಮನೆಯವರು “ಅಶಕ್ತಿ, ಎಳನೀರ ಕುಡಿಸ್ರಿ” ಅಂತಾರೆ. ಹತ್ತಿರದ ದವಾಖಾನೆಯಲ್ಲಿ ಇಸಿಜಿ ಯಂತ್ರ ಇದೆ. ಇಸಿಜಿ ತೆಗೆದು, ಹಳೇ ಇಸಿಜಿ ಪಕ್ಕಕ್ಕಿಟ್ಟು ನೋಡಿದರೆ ಬಲಗವಲು ಹೊಸದಾಗಿ ಕೆಟ್ಟಿದೆಯೋ, ಪೂರ್ತಿ ಬ್ಲಾಕ್ ಆಗುತ್ತಿದೆಯೋ ಗೊತ್ತಾಗುತ್ತದೆ. ಹಳೇ ಇಸಿಜಿ ಇಲ್ಲದಿದ್ದರೆ ವೈದ್ಯರು ಕತ್ತಲಲ್ಲಿ ತಡಕಾಡಬೇಕು. ಈ ನಡುಗೋಡೆಯ ಇತಿಹಾಸ ಕಲಿಸೋದು ಇಷ್ಟು: ಚಿಕಿತ್ಸೆಗೆ ಮುಂಚಿನ ಒಂದು ಇಸಿಜಿ, ನಂತರದ ಒಂದು ಇಸಿಜಿ, ಯಾವ ಚಿಕಿತ್ಸೆ ಆಯಿತು ಅನ್ನೋ ಒಂದು ಸಾಲು. ಈ ಮೂರು ರೋಗಿಯ ಹತ್ತಿರವೇ ಇರಬೇಕು, ಫೋನಿನಲ್ಲಿ ಫೋಟೊ ಆದರೂ ಸರಿ. ತವಾರ, ಮಾರೊ, ಸಿಗ್ವಾರ್ಟ್ ಅವರ ತೊಂಬತ್ತು ವರ್ಷದ ತಿಳಿವಳಿಕೆ ಆ ಮೂರು ಕಾಗದದಲ್ಲಿದೆ.

ಪ್ರಶ್ನೋತ್ತರ (ಆಯ್ದ ಭಾಗ)

ಗಡಹಿಂಗ್ಲಜದಿಂದ ಒಬ್ಬ ತಾಯಿ: ಸರ್, ಆಪರೇಷನ್ ಆದಮ್ಯಾಲ ರೋಗ ಪೂರಾ ಹೋಗ್ತದೇನ್ರಿ?

ಉತ್ತರ: ಇಲ್ಲಮ್ಮಾ. ಹೋಗೋದು ಅಡ್ಡಿ. ದಮ್ಮು, ಎದೆನೋವು ಬಹಳ ಕಡಿಮೆ ಆಗಬಹುದು. ಆದರೆ ರೋಗದ ಗುಣ ಉಳಿಯುತ್ತದೆ, ಹಾಗಾಗಿ ತಪಾಸಣೆ ನಿಲ್ಲಿಸಬಾರದು. ಇದು ಮನೆತನದಲ್ಲಿ ಹರಿಯುವ ಕಾಯಿಲೆ ಆದ್ದರಿಂದ ರೋಗಿಯ ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಒಂದು ಇಸಿಜಿ, ಒಂದು ಎಕೋ ಮಾಡಿಸೋದು ವೈದ್ಯರ ಸಾಮಾನ್ಯ ಸಲಹೆ.

ಕೊಲ್ಹಾಪುರದಿಂದ ಒಬ್ಬ ವಿದ್ಯಾರ್ಥಿ: ಆಲ್ಕೋಹಾಲ್ ಅಂದ್ರೆ ಕುಡಿಯುವ ಶರಾಬು ತಾನೇ? ಹಾಗಾದರೆ ಕುಡಿದರೂ ಗೋಡೆ ತೆಳ್ಳಗಾಗಬೇಕಲ್ಲ?

ಉತ್ತರ: (ನಗು) ಈ ಪ್ರಶ್ನೆ ಬರಲಿ ಅಂತ ಕಾಯ್ತಿದ್ದೆ. ಪದಾರ್ಥ ಎಥನಾಲೇ, ಆದರೆ ನೀರಿಲ್ಲದ ಶುದ್ಧ ರೂಪ, ಈಗ ಒಂದೆರಡು ಮಿಲಿಲೀಟರ್ ಅಷ್ಟೇ, ಅದೂ ನೇರ ಆ ಒಂದು ನಾಳದೊಳಗೆ. ಹೊಟ್ಟೆಗೆ ಹೋದದ್ದು ಗೋಡೆಯನ್ನು ಆರಿಸಿ ತೆಳ್ಳಗೆ ಮಾಡೋದಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ನಿಗೆ ಮಾತ್ರ ದಾರಿ ಮಾಡಿಕೊಡಬಹುದು.

ಇಚಲಕರಂಜಿಯಿಂದ ಒಬ್ಬರು: ಪೇಸ್‌ಮೇಕರ್ ಹಾಕಿಸಿಕೊಂಡವರು ಪವರ್‌ಲೂಮ್ ಮೇಲೆ ಕೆಲಸ ಮಾಡಬಹುದಾ? ನಮ್ಮಲ್ಲಿ ಇದೇ ಹೊಟ್ಟೆಪಾಡು.

ಉತ್ತರ: ಬಹಳ ಮುಖ್ಯ ಪ್ರಶ್ನೆ ಅಣ್ಣಾರ. ಮೊದಲ ಕಾಲದ ಪೇಸ್‌ಮೇಕರ್‌ಗಳು ಹೊರಗಿನ ವಿದ್ಯುತ್ತಿಗೆ ಸುಲಭವಾಗಿ ಮೋಸಹೋಗುತ್ತಿದ್ದವು. ಈಗಿನವು ಲೋಹದ ಕವಚದಲ್ಲಿವೆ, ರಕ್ಷಣೆ ಚೆನ್ನಾಗಿದೆ. ಆದರೂ ನಡೆಯುತ್ತಿರುವ ಮೋಟಾರಿಗೆ ಎದೆ ಆನಿಸಿ ಕೆಲಸ ಮಾಡಬಾರದು, ವೆಲ್ಡಿಂಗ್ ಕೆಲಸ ಇದ್ದರೆ ಮುಂಚೆಯೇ ಕೇಳಬೇಕು. ಪೇಸ್‌ಮೇಕರ್ ಇಟ್ಟ ವೈದ್ಯರಿಗೆ “ನನ್ನ ಕೆಲಸ ಇಂಥದ್ದು, ಯಂತ್ರ ಇಷ್ಟು ಹತ್ತಿರ” ಅಂತ ಬಿಡಿಸಿ ಹೇಳಿ. ನಾವು ಹೇಳದಿದ್ದರೆ ದೂರದ ಊರಿನ ವೈದ್ಯರಿಗೆ ಮಗ್ಗ ಹೇಗಿರುತ್ತದೆ ಅಂತ ಗೊತ್ತಾಗೋದಾದರೂ ಹೇಗೆ? ಪೇಸ್‌ಮೇಕರಿನ ಕಾರ್ಡು ಯಾವಾಗಲೂ ಕಿಸೆಯಲ್ಲಿರಲಿ.

ಅದೇ ಕೇಳುಗರು: ಆ ಕಾರ್ಡ್ ಇಂಗ್ಲಿಷಿನಾಗ ಇರ್ತದಲ್ರಿ.

ಉತ್ತರ: ಹೌದು. ಹಿಂದೆ ಒಂದು ಚೀಟಿ ಅಂಟಿಸಿ ಕನ್ನಡದಲ್ಲೋ ಮರಾಠಿಯಲ್ಲೋ ಒಂದು ಸಾಲು ಬರೆಸಿಕೊಳ್ಳಿ: ‘ಹೃದಯದ ನಡುಗೋಡೆಗೆ ಚಿಕಿತ್ಸೆ ಆಗಿದೆ, ಪೇಸ್‌ಮೇಕರ್ ಇದೆ, ಎಚ್ಚರ ತಪ್ಪಿದರೆ ಮೊದಲು ಇಸಿಜಿ ತೆಗೆಸಿ.’ ಸಮಯ ಆಯಿತು ಅಂತ ಸಂಚಾಲಕರು ಸೂಚಿಸ್ತಿದ್ದಾರೆ.